ಐಎಸ್‌ಎಎ ಅಂಕ 70 ಮುಟ್ಟಲಿಲ್ಲ ಅಂದರೆ ಆಟಿಸಂ ಇಲ್ಲವೇ? ಹೆಣ್ಣುಮಕ್ಕಳ ವಿಷಯ

ಶಾಲಾಸಲಹೆ_ತುಮಕೂರು

ನಮಸ್ಕಾರ. ಇಲ್ಲಿ ಕ್ಲಿನಿಕ್‌ನಲ್ಲಿ ಕೆಲಸ ಮಾಡುವವರೂ ವಿಶೇಷ ಶಿಕ್ಷಕರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಐದರಿಂದ ಎಂಟನೇ ತರಗತಿಯ ಕೆಲವು ಹೆಣ್ಣುಮಕ್ಕಳ ಚಿತ್ರ ಮತ್ತೆ ಮತ್ತೆ ಒಂದೇ ಥರ ಇರುತ್ತದೆ. ಮಾತು ಸ್ಪಷ್ಟ, ಅಂಕ ಚೆನ್ನಾಗಿದೆ, ಟೀಚರ್ ಬಾಯಲ್ಲಿ "ಬಂಗಾರದಂಥ ಹುಡುಗಿ". ಮನೆಗೆ ಬಂದ ಕೂಡಲೇ ಬಾಗಿಲು ಹಾಕಿಕೊಂಡು ಅಳು, ತಿನ್ನುವುದು ಎರಡೋ ಮೂರೋ ಪದಾರ್ಥ, ಜಡೆ ಹಾಕಲು ಬಿಡುವುದಿಲ್ಲ, ನಾಳೆ ಪೀರಿಯಡ್ ಬದಲು ಅಂದರೆ ರಾತ್ರಿಯಿಂದಲೇ ಹೊಟ್ಟೆನೋವು. ಮೌಲ್ಯಮಾಪನಕ್ಕೆ ಕಳಿಸಿದರೆ "ಐಎಸ್‌ಎಎ 58, ಆಟಿಸಂ ಇಲ್ಲ, ಆತಂಕಕ್ಕೆ ಚಿಕಿತ್ಸೆ" ಎಂಬ ಥರದ ವರದಿ ಬರುತ್ತದೆ. (ಐಎಸ್‌ಎಎ ಅಂದರೆ ಆಟಿಸಂ ಎಷ್ಟಿದೆ ಎಂದು ಅಂಕದಲ್ಲಿ ಹೇಳುವ ಭಾರತದ ಅಳತೆಗೋಲು; 70ರ ಕೆಳಗೆ ಬಂದರೆ 'ಇಲ್ಲ' ಎಂದು ಬರೆಯುತ್ತಾರೆ.)

ಕೇಳುವುದು ಎರಡೇ. 70ರ ಕೆಳಗೆ ಬಂದರೆ ವಿಷಯ ಅಲ್ಲಿಗೆ ಮುಗಿಯಿತೇ? ಶಾಲೆಯಿಂದ ಏನನ್ನು ಬರೆದು ಕಳಿಸಿದರೆ ನೋಡುವವರಿಗೆ ನಿಜವಾಗಿ ಉಪಯೋಗ?

ಮನಃಶಾಸ್ತ್ರ_ಮೈಸೂರು

ಮೊದಲ ಪ್ರಶ್ನೆಗೆ ಉತ್ತರ: ಮುಗಿಯಲಿಲ್ಲ. ಯಾಕೆ ಅನ್ನುವುದು ಆ ಅಳತೆಗೋಲಿನ ಲೆಕ್ಕದಲ್ಲೇ ಇದೆ.

ಐಎಸ್‌ಎಎಯಲ್ಲಿ 40 ಅಂಶಗಳು. ಸಾಮಾಜಿಕ ಸಂಬಂಧ 9, ಭಾವನಾತ್ಮಕ ಸ್ಪಂದನೆ 5, ಮಾತು-ಭಾಷೆ 9, ವರ್ತನೆಯ ಮಾದರಿ 7, ಸಂವೇದನೆ 6, ಅರಿವಿನ ಅಂಶ 4. ಪ್ರತಿಯೊಂದಕ್ಕೂ 1ರಿಂದ 5. ಆ ವರ್ತನೆ ಶೇ. 20ರಷ್ಟು ಸಮಯದೊಳಗೆ ಕಂಡರೆ 1, ಶೇ. 21-40 ಆದರೆ 2, ಹೀಗೆ ಶೇ. 80 ದಾಟಿದರೆ 5. ಏನೂ ಇಲ್ಲದ ಮಗುವಿಗೂ 40 ಬರುತ್ತದೆ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದರ ಮೇಲೆ ತೀವ್ರ.

ಈಗ ನಿಮ್ಮ ಏಳನೇ ತರಗತಿಯ ಹುಡುಗಿಯನ್ನು ಇದರೊಳಗೆ ಕೂರಿಸಿ. ಮಾತಿನ 9 ಅಂಶಗಳಲ್ಲಿ ಹೆಚ್ಚಿನವು ಮಾತು ಬಂದು ನಿಂತುಹೋಗುವುದು, ಕೇಳಿದ್ದನ್ನೇ ಮರುನುಡಿಯುವುದು, ಅರ್ಥವಿಲ್ಲದ ಸದ್ದು, 'ನಾನು-ನೀನು' ಅದಲುಬದಲು ಇಂಥವು. ಅವಳಿಗೆ ಎಲ್ಲದರಲ್ಲೂ 1. ಅರಿವಿನ 4ರಲ್ಲೂ 1 ಅನ್ನಿ. ಹೊಡೆಯುವುದು, ಚೀರುವುದು, ತನ್ನನ್ನೇ ಗಾಯ ಮಾಡಿಕೊಳ್ಳುವುದು, ಕೂತಲ್ಲಿ ಕೂರದಿರುವುದು ಶಾಲೆಯಲ್ಲಿ ಇಲ್ಲ. ಇಂಥ ಇನ್ನೊಂದು 15 ಅಂಶಗಳಿಗೂ 1 ಬಿತ್ತು ಎಂದುಕೊಳ್ಳಿ. 28 ಅಂಶಗಳಿಂದ 28 ಅಂಕ. 70 ಮುಟ್ಟಬೇಕಾದರೆ ಉಳಿದ 12 ಅಂಶಗಳಿಂದ 42 ಬರಬೇಕು, ಸರಾಸರಿ ಮೂರೂವರೆ. ಅಂದರೆ ಆ ಹನ್ನೆರಡೂ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಹೊರಗೆ ಕಾಣುತ್ತಿರಬೇಕು. ದಿನವಿಡೀ ತಡೆದಿಟ್ಟುಕೊಂಡು ಸಂಜೆ ಐದಕ್ಕೆ ಕುಸಿಯುವ ಮಗುವಿನಲ್ಲಿ ಅದು ಹೇಗೆ ಕಂಡೀತು? ಈ ಅಳತೆಗೋಲು ಹೊತ್ತನ್ನು ಎಣಿಸುತ್ತದೆ, ಆ ಹೊತ್ತನ್ನು ದಾಟಲು ಮಗು ಪಟ್ಟ ಶ್ರಮವನ್ನು ಎಣಿಸುವುದಿಲ್ಲ.

ಇನ್ನೊಂದು ಮಾತು. ಐಎಸ್‌ಎಎ ನಮ್ಮಲ್ಲಿ ಮುಖ್ಯವಾಗಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ, ತೀವ್ರತೆ ಎಷ್ಟೆಂದು ಹೇಳಲಿಕ್ಕೆ ಬಳಕೆಯಲ್ಲಿದೆ. ರೋಗನಿರ್ಣಯ ಆಗಬೇಕಾದದ್ದು ಡಿಎಸ್‌ಎಂ-5 (ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ) ಅಥವಾ ಐಸಿಡಿ-11ರ (ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ) ಲಕ್ಷಣಗಳ ಮೇಲೆ, ಬಾಲ್ಯದ ಪೂರ್ಣ ಚರಿತ್ರೆ ಕೇಳಿ. ಡಿಎಸ್‌ಎಂ-5ರ ಮೂರನೇ ನಿಯಮವನ್ನು ಬಹಳ ಜನ ಅರ್ಧಕ್ಕೇ ಓದಿ ಬಿಡುತ್ತಾರೆ. ಲಕ್ಷಣಗಳು ಎಳವೆಯಿಂದ ಇರಬೇಕು, ಸರಿ. ಆದರೆ ಸಾಮಾಜಿಕ ಬೇಡಿಕೆ ಮಗುವಿನ ಸಾಮರ್ಥ್ಯ ಮೀರುವ ತನಕ ಪೂರ್ತಿ ಹೊರಗೆ ಬಾರದೆ ಇರಬಹುದು, ಮುಂದೆ ಕಲಿತ ಉಪಾಯಗಳಿಂದ ಮುಚ್ಚಿಹೋಗಿರಬಹುದು ಎಂದು ಅಲ್ಲೇ ಬರೆದಿದೆ. ಬುದ್ಧಿಮಟ್ಟ, ಭಾಷೆ ಚೆನ್ನಾಗಿರುವ ಹುಡುಗಿಯರು ಗಮನಕ್ಕೆ ಬಾರದೆ ಹೋಗಬಹುದು ಎಂಬ ಎಚ್ಚರಿಕೆಯೂ 2013ರ ಅದೇ ಪುಸ್ತಕದಲ್ಲಿದೆ.

ಅಂಕಿಸಂಖ್ಯೆ

ಹುಡುಗಿಯರನ್ನು ಬಿಟ್ಟುಬಿಡುವ ಈ ಓರೆ ನೋಟ ಹುಟ್ಟಿದ್ದೇ ಆಟಿಸಂನ ಮೊದಲ ವಿವರಣೆಗಳಲ್ಲಿ. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಬರೆದದ್ದು 11 ಮಕ್ಕಳ ಬಗ್ಗೆ, ಅದರಲ್ಲಿ ಹುಡುಗಿಯರು ಮೂವರು. ವೈದ್ಯ ಹಾನ್ಸ್ ಆಸ್ಪರ್ಗರ್ 1944ರಲ್ಲಿ ವಿವರವಾಗಿ ಬರೆದ ನಾಲ್ವರೂ ಹುಡುಗರು. ಅವರಿಬ್ಬರಿಗೂ ಮೊದಲೇ ಸೋವಿಯತ್ ಮನೋವೈದ್ಯೆ ಗ್ರುನ್ಯಾ ಸುಖರೇವಾ 1926ರಲ್ಲಿ ಆರು ಹುಡುಗರ ಬಗ್ಗೆ, ಮರುವರ್ಷ ಹುಡುಗಿಯರ ಬಗ್ಗೆಯೇ ಬೇರೆಯಾಗಿ ಬರೆದಿದ್ದರು. ಆ ಎರಡನೇ ಲೇಖನ ಇಂಗ್ಲಿಷ್ ಓದುಗರಿಗೆ ಸಿಗುವ ಹೊತ್ತಿಗೆ 90 ವರ್ಷ ದಾಟಿತ್ತು. ಅಷ್ಟರೊಳಗೆ ಪ್ರಶ್ನಾವಳಿಗಳೆಲ್ಲ ಹುಡುಗರನ್ನು ನೋಡಿ ಸಿದ್ಧವಾದವು. ಅವುಗಳಲ್ಲಿ ಆಟಿಸಂ ಎಂದು ಬಂದವರೇ ಮುಂದಿನ ಅಧ್ಯಯನಕ್ಕೆ ಸೇರಿದರು, ಆ ಅಧ್ಯಯನದಿಂದ ಮತ್ತೆ ಪ್ರಶ್ನಾವಳಿ. ಗಾಣದ ಎತ್ತಿನ ಸುತ್ತು.

"ನಾಲ್ಕು ಹುಡುಗರಿಗೆ ಒಬ್ಬ ಹುಡುಗಿ" ಎಂಬುದನ್ನು ಇನ್ನೂ ಪಾಠ ಹೇಳುತ್ತಾರೆ. 2017ರಲ್ಲಿ ಸಂಶೋಧಕರಾದ ಲೂಮ್ಸ್, ಹಲ್, ಮ್ಯಾಂಡಿ ಸೇರಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಈಗಾಗಲೇ ನಿರ್ಣಯ ಆದವರನ್ನು ಮಾತ್ರ ಎಣಿಸದೆ, ಸಮುದಾಯದಲ್ಲಿ ತಾವೇ ಹುಡುಕಿ ಪರೀಕ್ಷಿಸಿದ ಅಧ್ಯಯನಗಳಲ್ಲಿ ಅನುಪಾತ ಮೂರರ ಹತ್ತಿರಕ್ಕೆ ಇಳಿಯಿತು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಆಟಿಸಂ ಇರುವ ಎಂಟು ವರ್ಷದ ಮಕ್ಕಳನ್ನು ಎಣಿಸುತ್ತದೆ. ಅಲ್ಲಿ ಒಬ್ಬ ಹುಡುಗಿಗೆ ಹುಡುಗರು 2018ರಲ್ಲಿ 4.2, 2020ರಲ್ಲಿ 3.8, 2022ರಲ್ಲಿ 3.4. ನಾಲ್ಕು ವರ್ಷದಲ್ಲಿ ವಂಶವಾಹಿ ಬದಲಾಗುವುದಿಲ್ಲ, ನೋಡುವ ಕಣ್ಣು ಬದಲಾಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು 2012ರ ಬ್ರಿಟನ್ನಿನ ಅವಳಿ ಮಕ್ಕಳ ಅಧ್ಯಯನ. ಆಟಿಸಂ ಗುಣಗಳ ಅಂಕ ಎತ್ತರದಲ್ಲಿರುವ ಹುಡುಗ-ಹುಡುಗಿಯರನ್ನು ಹೋಲಿಸಿದಾಗ, ನಿರ್ಣಯ ಸಿಕ್ಕ ಹುಡುಗಿಯರಲ್ಲಿ ಬುದ್ಧಿಮಟ್ಟದ ಅಥವಾ ವರ್ತನೆಯ ತೊಂದರೆ ಜೊತೆಗೆ ಇರುತ್ತಿತ್ತು. ಹುಡುಗರಿಗೆ ಆ ಹೆಚ್ಚುವರಿ ಹೊರೆ ಅಷ್ಟಾಗಿ ಬೇಕಾಗಲಿಲ್ಲ. ಅಂದರೆ ಕ್ಲಿನಿಕ್‌ನ ಬಾಗಿಲು ಹುಡುಗಿಗೆ ತೆರೆಯಬೇಕಾದರೆ ಅವಳು ಇನ್ನಷ್ಟು ಕಷ್ಟದಲ್ಲಿರಬೇಕು.

ಧಾರವಾಡದ_ಟೀಚರ್

ಎರಡನೇ ಪ್ರಶ್ನೆಗೆ ನಾ ಹೇಳ್ತೀನ್ರಿ. ಸಾಲ್ಯಾಗ ಆಕಿನ್ನ ನೋಡೂದು ಅಂದ್ರ ಕ್ಲಾಸಿನ್ಯಾಗ ಅಲ್ಲ, ಬಿಡುವಿನ ಹೊತ್ತಿನ್ಯಾಗ. ಕ್ಲಾಸಿನ್ಯಾಗ ಎಲ್ಲಿ ಕೂಡಬೇಕು, ಯಾವಾಗ ಮಾತಾಡಬೇಕು ಅನ್ನೂದು ಮೊದಲ ಗೊತ್ತಿರ್ತೈತಿ. ಬಯಲಾಗ ಅದ್ಯಾವುದೂ ಇಲ್ಲ.

ಮೂರು ಬ್ಯಾರೆ ಬ್ಯಾರೆ ದಿನ, ದಿನಕ್ಕ ಹತ್ತು ನಿಮಿಷ. ಪ್ರತಿ 30 ಸೆಕೆಂಡಿಗೆ ಒಂದು ಗುರುತು ಹಾಕ್ರಿ. ಕೂಡಿ ಆಡಾಕತ್ತಿದ್ರ 'ಕೂ', ಗುಂಪಿನ ಬದಿಗೆ ನಿಂತಿದ್ರ 'ಬ', ಒಬ್ಬಾಕಿನ ಇದ್ರ 'ಒ'. ಮೂರು ದಿನಕ್ಕ 60 ಗುರುತು ಆಗ್ತಾವ. ಅದ ಕ್ಲಾಸಿನ ಇನ್ನೊಬ್ಬ ಹುಡುಗಿಗೂ ಹಿಂಗ ಹಾಕ್ರಿ, ಇಲ್ಲಂದ್ರ ಹೋಲಿಸಾಕ ಏನೂ ಇರಂಗಿಲ್ಲ. ನೋಡೂದು ಆಕಿಗೆ ಗೊತ್ತಾಗಬಾರದು.

ಯಾಕ ಹಿಂಗ ಅಂದ್ರ, ಅಮೆರಿಕಾದಾಗ ಡೀನ್, ಕಸಾರಿ ಮತ್ತವರ ಜೋಡಿ 2017ರಾಗ ಆಟದ ಬಯಲಿನ್ಯಾಗ ಇದನ್ನ ನೋಡ್ಯಾರ. ಆಟಿಸಂ ಇದ್ದ ಹುಡುಗರು ಒಬ್ಬೊಬ್ಬರ ಇರ್ತಿದ್ರು, ದೂರದಿಂದನ ಗೊತ್ತಾಗ್ತಿತ್ತು. ಹುಡುಗ್ಯಾರು ಗುಂಪಿನ ಹತ್ತರನ ಸುಳದಾಡ್ತಿದ್ರು, ಒಳಗ ಹೋಗೂದು, ಹೊರಗ ಬರೂದು. ದೂರ ನಿಂತ ನೋಡಿದ ಟೀಚರ್‌ಗೆ "ಗೆಳತ್ಯಾರ ಜೋಡಿ ಅದಾಳ" ಅನಸ್ತೈತಿ. ಗುರುತು ಎಣಿಸಿದ್ರ 'ಬ' ಎಷ್ಟು ಅಂತ ಕಾಗದದ ಮ್ಯಾಲ ಕಾಣ್ತೈತಿ.

ಇನ್ನ ಕೇಳೂ ಪ್ರಶ್ನೆ. "ಗೆಳತ್ಯಾರು ಅದಾರೇನು?" ಅಂತ ಕೇಳಬ್ಯಾಡ್ರಿ, ಎಲ್ಲಾರೂ ಹೌದು ಅಂತಾರ. ಆ ಗೆಳತಿ ಸಾಲಿಗೆ ಬರಲಿಲ್ಲಂದ್ರ ಯಾರ ಜೋಡಿ ಊಟ ಮಾಡ್ತಾಳ? ಕುಂಟೆಬಿಲ್ಲಿ ಆಟದ ನಿಯಮ ನಡುವ ಬದಲಾದ್ರ ಏನು ಮಾಡ್ತಾಳ? ಜಗಳ ಆದಮ್ಯಾಲ ಯಾರು ಮೊದಲ ಮಾತಾಡಸ್ತಾರ? ಇಬ್ಬರ ನಡುವ ಮೂರನೇದಾಕಿ ಬಂದ್ರ ಏನಾಗ್ತೈತಿ? ಇವಕ್ಕ ಬಂದ ಉತ್ತರ ಇದ್ದಂಗ ಬರೀರಿ. "ಹೊಂದಿಕೊಳ್ಳುತ್ತಾಳೆ" ಅಂತ ಒಂದ ಶಬ್ದದಾಗ ಮುಗಸಬ್ಯಾಡ್ರಿ, ಆ ಶಬ್ದದಿಂದನ ಎಷ್ಟೋ ಹುಡುಗ್ಯಾರು ತಪ್ಪಿಹೋಗ್ಯಾರ.

ಮಾತುಕತೆ_ಉಡುಪಿ

ಟೀಚರ್ ಹೇಳಿದ್ದಕ್ಕೆ ಮಾತಿನ ಕಡೆಯಿಂದ ಸೇರಿಸುತ್ತೇನೆ. ಮೊದಲು ಶ್ರವಣ ಪರೀಕ್ಷೆ ಆಗಲಿ. ಒಂದು ಕಿವಿ ಮಂದವಿದ್ದರೂ ಗದ್ದಲದಲ್ಲಿ ಮಗು ಹಿಂದೆ ಸರಿಯುತ್ತದೆ.

ಆಮೇಲೆ ನೋಡಬೇಕಾದದ್ದು ವ್ಯಾಕರಣ, ಶಬ್ದಸಂಪತ್ತು ಅಲ್ಲ. ಅವು ಚೆನ್ನಾಗಿಯೇ ಇರುತ್ತವೆ, ವರದಿಯಲ್ಲಿ "ಭಾಷೆ ವಯಸ್ಸಿಗೆ ತಕ್ಕಂತಿದೆ" ಎಂದು ಬಂದು ಫೈಲು ಮುಚ್ಚುತ್ತದೆ. ಮಾತನ್ನು ಸಂದರ್ಭಕ್ಕೆ ತಕ್ಕಂತೆ ತಿರುಗಿಸುವುದನ್ನು ನೋಡಿ. ಕನ್ನಡದಲ್ಲಿ ಇದು ಬೇಗ ಸಿಗುತ್ತದೆ. ಓರಗೆಯವರ ಜೊತೆಗೂ ಪುಸ್ತಕದ ಕನ್ನಡ ಆಡುತ್ತಾಳೋ? ಕಿರಿಯ ತಂಗಿಗೂ 'ನೀವು', ಅಥವಾ ಹೆಡ್ ಮಿಸ್ಸಿಗೂ 'ನೀನು' ಎಂದು ಒಂದೇ ರೂಪಕ್ಕೆ ಅಂಟಿಕೊಂಡಿದ್ದಾಳೋ? ಗೆಳತಿಯ ರಾಗ, ನಗು, ಕೈ ಆಡಿಸುವ ರೀತಿ ಹಾಗೇ ಎರಕ ಹೊಯ್ದಂತೆ ಬರುತ್ತಿದೆಯೋ? ಧಾರಾವಾಹಿಯ ಸಂಭಾಷಣೆ ಸರಿಯಾದ ಜಾಗದಲ್ಲೇ ಬಂದು ಬೀಳುತ್ತದೆ, ಆದರೆ ಅದರ ಮುಂದಿನ ಮಾತು ಎದುರಿನವರು ಬದಲಿಸಿದರೆ ತಡವರಿಸುತ್ತಾಳೋ? ಒಂದೊಂದೇ ಗುಣ ಇದ್ದರೆ ಏನೂ ಅಲ್ಲ, ಮನೆಯ ಮಾತೇ ಹಾಗಿರಬಹುದು. ಕೂಡಿ ಬಂದರೆ ಬರೆದಿಡಿ.

ಮತ್ತೊಂದು ಸುಲಭದ ಕೆಲಸ: ಇಬ್ಬರ ಜಗಳದ ಒಂದು ಚಿತ್ರಸರಣಿ ಕೊಟ್ಟು ಕಥೆ ಹೇಳಿಸಿ. ಏನಾಯಿತು ಎಂಬುದು ವಿವರವಾಗಿ ಬರುತ್ತದೆ. "ಅವಳಿಗೆ ಯಾಕೆ ಬೇಜಾರಾಯಿತು, ಇವಳು ಏನೆಂದುಕೊಂಡಳು" ಎಂಬಲ್ಲಿ ಖಾಲಿ ಬಿಡುತ್ತದೆಯೋ, ಅಥವಾ ಕಲಿತ ವಾಕ್ಯವೇ ಬರುತ್ತದೆಯೋ ನೋಡಿ.

ಎಡಿಒಎಸ್-2 (ಎದುರು ಕೂರಿಸಿ ಆಟ, ಮಾತಿನ ಮೂಲಕ ಆಟಿಸಂ ಗುರುತಿಸುವ ಪರೀಕ್ಷೆ) ಮಾಡುವವರಿಗೂ ಒಂದು ಮಾತು. ಕೈಸನ್ನೆ ಇದೆ, ಕಣ್ಣಿಗೆ ಕಣ್ಣು ಕೊಡುತ್ತಾಳೆ ಎಂದು ಸೊನ್ನೆ, ಅಂದರೆ ತೊಂದರೆ ಇಲ್ಲ ಎಂದು ಹಾಕಿ ಮುಗಿಸಬೇಡಿ. ಪೋಲೆಂಡಿನ 2016ರ ಅಧ್ಯಯನವೊಂದರಲ್ಲಿ ಕಂಪ್ಯೂಟರಿನಿಂದ ಚಲನೆ ಅಳೆದಾಗ ಆಟಿಸಂ ಇರುವ ಹುಡುಗಿಯರ ಕೈಸನ್ನೆ ಹುಡುಗರದ್ದಕ್ಕಿಂತ ಹೆಚ್ಚು ಚುರುಕಾಗಿತ್ತು. ಇದೆಯೋ ಇಲ್ಲವೋ ಎನ್ನುವುದರ ಜೊತೆಗೆ ಮಾತು, ನೋಟ, ಸನ್ನೆ ಮೂರೂ ಒಟ್ಟಿಗೆ ಹೊಂದಿ ಬರುತ್ತಿವೆಯೇ ನೋಡಿ. ಹೊಸಬರ ಎದುರು 45 ನಿಮಿಷ, ಒಬ್ಬರೇ ದೊಡ್ಡವರು, ಶಾಂತ ಕೋಣೆ: ಅಭ್ಯಾಸವಿರುವ ಹುಡುಗಿಗೆ ಇದಕ್ಕಿಂತ ಸುಲಭದ ವೇದಿಕೆ ಬೇರೆ ಇಲ್ಲ.

ನಿಧಾನಿಸಿ_ನೋಡಿ

ಮನೋವೈದ್ಯಕೀಯದ ಕಡೆಯಿಂದ ಸ್ವಲ್ಪ ತಡೆ ಹಾಕುತ್ತೇನೆ, ಬೇಸರಿಸಬೇಡಿ. ಆಟಿಸಂ ಸಂಶೋಧಕ ಎರಿಕ್ ಫೊಂಬೋನ್ 2020ರಲ್ಲಿ ಎತ್ತಿದ ಪ್ರಶ್ನೆ ನ್ಯಾಯವಾದದ್ದೇ: ಲಕ್ಷಣ ಕಾಣದಿದ್ದರೆ "ಮುಚ್ಚಿಟ್ಟಿದ್ದಾಳೆ" ಎಂದರೆ, ಯಾರಿಗೆ ಆಟಿಸಂ ಇಲ್ಲ ಎಂದು ಹೇಳುವುದು ಹೇಗೆ? ಮರೆಮಾಚುವುದು ಆತಂಕದವರಲ್ಲೂ ಇದೆ, ಹುಡುಗರಲ್ಲೂ ಇದೆ. ಹುಡುಗಿಯರಲ್ಲಿ ಆಟಿಸಂ ನಿಜವಾಗಿಯೂ ಸ್ವಲ್ಪ ಕಡಿಮೆ ಎನ್ನಲು ತಳಿವಿಜ್ಞಾನದ ಆಧಾರವೂ ಉಂಟು. 2014ರಲ್ಲಿ ಜಾಕ್ಮಾಂಟ್ ಮತ್ತು ಸಂಗಡಿಗರು ತೋರಿಸಿದ್ದು, ನಿರ್ಣಯವಾದ ಹೆಣ್ಣುಮಕ್ಕಳಲ್ಲಿ ಹಾನಿಕಾರಕ ವಂಶವಾಹಿ ಬದಲಾವಣೆಯ ಹೊರೆ ಗಂಡುಮಕ್ಕಳಿಗಿಂತ ಹೆಚ್ಚು. ಅಂದರೆ ಹೆಣ್ಣಿನ ದೇಹ ಹೆಚ್ಚು ತಡೆದುಕೊಳ್ಳುತ್ತಿರಬಹುದು.

ಹಾಗಾಗಿ ಆತಂಕ ಯಾವುದು, ಆಟಿಸಂ ಯಾವುದು ಎಂದು ಬೇರ್ಪಡಿಸುವ ಕೆಲಸವನ್ನು ಬಿಡುವಂತಿಲ್ಲ. ಸಾಮಾಜಿಕ ಆತಂಕ ಮಾತ್ರ ಇದ್ದರೆ ಮಗುವಿಗೆ ನಿಯಮ ಗೊತ್ತಿರುತ್ತದೆ, ಭಯಕ್ಕೆ ಮಾಡಲಾಗುವುದಿಲ್ಲ. ಅಜ್ಜಿ, ಚಿಕ್ಕಮ್ಮ, ನೆಚ್ಚಿನ ಗೆಳತಿ ಇವರ ಜೊತೆ ಕೊಟ್ಟು-ತೆಗೆದುಕೊಳ್ಳುವ ಮಾತು ಸಲೀಸಾಗಿ ಹರಿಯುತ್ತದೆ. ಕುಕ್ಕರ್ ಸೀಟಿ, ಬಟ್ಟೆಯ ಹೊಲಿಗೆ, ಊಟದ ಹದ ಇವುಗಳ ಗೋಳು ಇರುವುದಿಲ್ಲ. ಆಟಿಸಂನಲ್ಲಿ ಭಯ ಇಲ್ಲದ ಜಾಗದಲ್ಲೂ ಮಾತಿನ ಕೊಡುಕೊಳ್ಳುವಿಕೆ ತೊಡಕಾಗಿರುತ್ತದೆ, ಸಂವೇದನೆಯ ತೊಂದರೆ ಎರಡು-ಮೂರು ವರ್ಷದಿಂದಲೇ ಬಂದಿರುತ್ತದೆ. ಎರಡೂ ಒಟ್ಟಿಗೆ ಇರುವುದೂ ಸಾಮಾನ್ಯ. ಆಘಾತ, ಮನೆಯ ಹಿಂಸೆ, ಇದ್ದಕ್ಕಿದ್ದಂತೆ ಬದಲಾದ ವರ್ತನೆ ಇದ್ದರೆ ಅದನ್ನು ಮೊದಲು ವಿಚಾರಿಸಿ.

ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆ ಎಂದು ಆಟಿಸಂ ತಳ್ಳಿಹಾಕುವ ಹಳೇ ಪದ್ಧತಿ ಇನ್ನೂ ಕೆಲವೆಡೆ ಇದೆ. ಎರಡನ್ನೂ ಒಟ್ಟಿಗೆ ಬರೆಯಬಾರದೆಂಬ ನಿಯಮ 2013ಕ್ಕೇ ಹೋಯಿತು.

ಮನಃಶಾಸ್ತ್ರ_ಮೈಸೂರು

ನಿಧಾನಿಸಿ ಅವರ ಮಾತು ಒಪ್ಪುತ್ತೇನೆ. ಆದರೆ ತಡೆ ಎರಡೂ ಕಡೆಗೆ ಸಮನಾಗಿರಲಿ. ಹುಡುಗ ಬಂದರೆ ಆಟಿಸಂ ಮೊದಲು, ಆತಂಕ ಆಮೇಲೆ. ಹುಡುಗಿ ಬಂದರೆ ಆತಂಕ ಬರೆದು ಅಲ್ಲೇ ನಿಲ್ಲುತ್ತೇವೆ, ಆ ಆತಂಕ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ಅನೋರೆಕ್ಸಿಯಾ (ದಪ್ಪಗಾಗುವ ಭಯಕ್ಕೆ ಊಟ ಬಿಡುವ ಕಾಯಿಲೆ) ಎಂದು ಬಂದ ಹುಡುಗಿಯನ್ನು ಕೇಳಿ ನೋಡಿ: ತೂಕದ ಭಯವೋ, ತರಕಾರಿಯ ನಾರು ಬಾಯಿಗೆ ತಾಗುವುದರ ಸಂಕಟವೋ? ಉತ್ತರಕ್ಕೆ ತಕ್ಕಂತೆ ಚಿಕಿತ್ಸೆಯೇ ಬೇರೆ.

ಆಸಕ್ತಿಗಳ ವಿಷಯದಲ್ಲೂ ಅಷ್ಟೇ. ರೈಲಿನ ವೇಳಾಪಟ್ಟಿ ಬಾಯಿಪಾಠ ಮಾಡುವ ಹುಡುಗ ಥಟ್ಟನೆ ಗುರುತಿಗೆ ಬರುತ್ತಾನೆ. ಹುಡುಗಿ ಬೆಕ್ಕು, ನಟಿ, ಕಥೆಯ ಪಾತ್ರ, ರಂಗೋಲಿ ಎಂದರೆ "ಆ ವಯಸ್ಸಿಗೆ ಸಹಜ" ಎನ್ನುತ್ತಾರೆ. ಡಿಎಸ್‌ಎಂ-5 ಕೇಳುವುದು ತೀವ್ರತೆ ಅಥವಾ ಗುರಿ ಅಸಹಜವೇ ಎಂದು. ಎರಡರಲ್ಲಿ ಒಂದು ಸಾಕು. ದಿನಕ್ಕೆ ಎಷ್ಟು ಗಂಟೆ? ತಡೆದರೆ ಏನಾಗುತ್ತದೆ? ರಂಗೋಲಿಯ ಒಂದು ಚುಕ್ಕಿ ಸಾಲು ತಪ್ಪಿದರೆ ಪೂರ್ತಿ ಅಳಿಸಿ ಮೊದಲಿಂದಲೋ? ಗೊಂಬೆಗಳನ್ನು ಆಡಿಸುತ್ತಾಳೋ, ಬಟ್ಟೆಯ ಬಣ್ಣದ ಪ್ರಕಾರ ಜೋಡಿಸಿ ಅಲ್ಲಿಗೆ ಬಿಡುತ್ತಾಳೋ?

ಉಪಕರಣ ಆರಿಸುವಾಗ ನೆನಪಿಡಿ. ಎಸ್‌ಆರ್‌ಎಸ್-2 ಪ್ರಶ್ನಾವಳಿಯಲ್ಲಿ ಹುಡುಗ-ಹುಡುಗಿಗೆ ಬೇರೆ ಬೇರೆ ಮಾನದಂಡ ಇದೆ. ಎಡಿಒಎಸ್-2ರಲ್ಲಿ ಇಬ್ಬರಿಗೂ ಒಂದೇ ಗಡಿ.

ಮನೆಯವರು ಬರುವಾಗ ಇವು ಕೈಲಿರಲಿ: ತಾಯಿ ಕಾರ್ಡ್, ಲಸಿಕೆ ಕಾರ್ಡ್, ಎಲ್ಲ ವರ್ಷದ ಪ್ರಗತಿಪತ್ರ (ಅಂಕಕ್ಕಿಂತ ಟೀಚರ್ ಷರಾ ಮುಖ್ಯ), ಹುಟ್ಟುಹಬ್ಬ ಅಥವಾ ಮದುವೆಮನೆಯ ಹಳೇ ವಿಡಿಯೋ, ಶಾಲೆಯಿಂದ ಬಂದ ಮೊದಲ ಅರ್ಧ ಗಂಟೆಯ ಎರಡು-ಮೂರು ಇತ್ತೀಚಿನ ತುಣುಕು, ಎರಡು ವಾರದ ದಿನಚರಿ. ದಿನಚರಿಯಲ್ಲಿ ನಾಲ್ಕೇ ಕಾಲಂ: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನು ನಡೆಯಿತು, ಎಷ್ಟು ಹೊತ್ತು, ಹೇಗೆ ಶಾಂತವಾಯಿತು. ಅಳುವ ಮಗುವಿನ ಮುಖಕ್ಕೆ ಫೋನ್ ಹಿಡಿಯಬೇಡಿ, ದೂರದಿಂದ ಧ್ವನಿ ಮಾತ್ರ ಇದ್ದರೂ ಸಾಕು.

ಶಾಲಾಸಲಹೆ_ತುಮಕೂರು

ಬಹಳ ಉಪಕಾರ. 18 ದಾಟಿದ ಹೆಣ್ಣುಮಕ್ಕಳು, ಮಗನಿಗೆ ಆಟಿಸಂ ಎಂದು ಗೊತ್ತಾದ ಮೇಲೆ ತಮ್ಮ ಬಗ್ಗೆಯೂ ಕೇಳುವ ತಾಯಂದಿರು, ಇವರಿಗೆ ಏನು ಹೇಳುವುದು? ಅಂತರ್ಜಾಲದ ಪರೀಕ್ಷೆಯ ಸ್ಕ್ರೀನ್‌ಶಾಟ್ ಹಿಡಿದು ಬರುತ್ತಾರೆ.

ಮನಃಶಾಸ್ತ್ರ_ಮೈಸೂರು

ಸ್ಕ್ರೀನ್‌ಶಾಟನ್ನು ಗೌರವದಿಂದ ನೋಡಿ, ಅದೇ ನಿರ್ಣಯವಲ್ಲ ಎಂದೂ ಹೇಳಿ. ಇವೆಲ್ಲ ದೊಡ್ಡವರು ತಾವೇ ತುಂಬುವ ಪ್ರಶ್ನಾವಳಿಗಳು. ಎಕ್ಯೂ 50 ಪ್ರಶ್ನೆ, ಗಡಿ 32 ಅಂಕ. ಆರ್‌ಎಎಡಿಎಸ್-ಆರ್ 80 ಪ್ರಶ್ನೆ, ಗಡಿ 65, ಆದರೆ ಆತಂಕ, ಖಿನ್ನತೆ ಇರುವವರೂ ಸುಲಭವಾಗಿ ಆ ಗಡಿ ದಾಟುತ್ತಾರೆ. ಸಿಎಟಿ-ಕ್ಯೂ 25 ಪ್ರಶ್ನೆ, 25ರಿಂದ 175ರ ತನಕ ಅಂಕ. ಅದು ಅಳೆಯುವುದು ಮರೆಮಾಚುವಿಕೆಯನ್ನು, ಆಟಿಸಂ ಅನ್ನು ಅಲ್ಲ. ಸಿಎಟಿ-ಕ್ಯೂ ಹೆಚ್ಚು, ಎಕ್ಯೂ ಗಡಿಗಿಂತ ಸ್ವಲ್ಪ ಕಡಿಮೆ ಎಂದು ಬಂದವರನ್ನು ವಾಪಸ್ ಕಳಿಸಬೇಡಿ.

ದೊಡ್ಡವರಲ್ಲಿ ಕಷ್ಟ ಬಾಲ್ಯದ ಚರಿತ್ರೆಯದು. ಆ ಚರಿತ್ರೆ ಕೇಳುವ ಎಡಿಐ-ಆರ್ ಸಂದರ್ಶನದ 93 ಪ್ರಶ್ನೆಗಳಿಗೆ ಸಾಕಿದವರೇ ಉತ್ತರಿಸಬೇಕು. ತಾಯಿ ಇಲ್ಲದಿದ್ದರೆ ಅಕ್ಕ, ಅತ್ತೆ, ಹಳೇ ಟೀಚರ್ ಯಾರಾದರೂ ಆಗಬಹುದು. "ಅವಳು ಚಿಕ್ಕಂದಿನಲ್ಲಿ ಬಹಳ ಸಾಧು, ಒಂದು ದಿನ ಕಾಟ ಕೊಟ್ಟವಳಲ್ಲ" ಎಂಬ ಮಾತನ್ನು ಚರಿತ್ರೆ ಸಾಮಾನ್ಯ ಎಂದು ಬರೆಯಬೇಡಿ. ಸಾಧು ಎಂದರೆ ಏನು ಮಾಡುತ್ತಿದ್ದಳು ಎಂದು ಬಿಡಿಸಿ ಕೇಳಿ. ನೆಂಟರು ಬಂದಾಗ ಎಲ್ಲಿರುತ್ತಿದ್ದಳು? ಮದುವೆಮನೆಯಿಂದ ಬಂದ ಮೇಲೆ ಎಷ್ಟು ದಿನ ಮಲಗುತ್ತಿದ್ದಳು?

ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷ (ಭಾವನೆ, ಸಂಬಂಧ ತೀರಾ ಏರುಪೇರಾಗುವ ತೊಂದರೆ) ಎಂಬ ಹಳೇ ವರದಿ ಇದ್ದರೆ ಸಿಟ್ಟು, ಕುಸಿತ ಯಾವುದರಿಂದ ಶುರುವಾಗುತ್ತದೆ ಎಂದು ನೋಡಿ. ಬಿಟ್ಟುಹೋದಾರೆಂಬ ಭಯದಿಂದಲೋ, ಸದ್ದು-ಬೆಳಕು-ಯೋಜನೆ ಬದಲಾದದ್ದರಿಂದಲೋ? ಎರಡನೆಯದೇ ಹೆಚ್ಚಿದ್ದು, ಐದನೇ ವಯಸ್ಸಿನಲ್ಲೂ ಹಾಗೇ ಇತ್ತು ಎಂದರೆ ಹಳೇ ವರದಿಯನ್ನು ಮರಳಿ ನೋಡಲೇಬೇಕು. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಮರೆಮಾಚುವಿಕೆ ಹೆಚ್ಚಿದ್ದವರಲ್ಲಿ ಅದೂ ಹೆಚ್ಚು ಎಂದು 2018ರ ಬ್ರಿಟನ್ನಿನ ಅಧ್ಯಯನ ಹೇಳಿದೆ, ಮುಖದಲ್ಲಿ ನಗುವಿದೆ ಎಂದು ಬಿಡಬೇಡಿ. ತುರ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಧಾರವಾಡದ_ಟೀಚರ್

ನಿರ್ಣಯ ಬರೂ ತನಕ ಸುಮ್ಮನ ಕೂಡೂದು ಬ್ಯಾಡ್ರಿ. ಪೀರಿಯಡ್ ಬದಲಾದ್ರ ಹಿಂದಿನ ದಿನ ಚೀಟಿ ಬರದು ಕೊಡೂದು, ಊಟಕ್ಕ ಗದ್ದಲ ಇಲ್ಲದ ಜಾಗಾ, ಗೋಡಿ ಬದಿಯ ಬೆಂಚು, ಗುಂಪು ಕೆಲಸದಾಗ ಆಕಿ ಪಾಲಿಂದು ಯಾವುದು ಅಂತ ಬರದ ಹೇಳೂದು. ಇವಕ್ಕ ಯಾವ ಸರ್ಟಿಫಿಕೇಟೂ ಬೇಕಾಗಿಲ್ಲ.

ಮುಟ್ಟಿನ ತಯಾರಿ ಮುಂಚೆನ ಆಗಬೇಕು, ಒಂಬತ್ತು-ಹತ್ತು ವರ್ಷಕ್ಕ. ಎರಡು-ಮೂರು ನಮೂನಿ ಪ್ಯಾಡ್ ಕೊಟ್ಟು ಯಾವುದು ಮೈಗೆ ಚುಚ್ಚಂಗಿಲ್ಲ ನೋಡ್ರಿ, ಸುಮ್ಮನ ದಿನಕ್ಕ ಒಂದು ತಾಸು ಹಾಕಿ ರೂಢಿ ಮಾಡಸ್ರಿ. ಬದಲಿಸೂದು 4 ತಾಸಿಗೊಮ್ಮಿ ಗಡಿಯಾರ ನೋಡಿ. "ಒದ್ದಿ ಅನಿಸಿದಾಗ" ಅಂದ್ರ ಎಷ್ಟೋ ಮಕ್ಕಳಿಗೆ ಅದು ಗೊತ್ತ ಆಗಂಗಿಲ್ಲ.

ಇನ್ನೊಂದು ಮಾತು ಒತ್ತಿ ಹೇಳ್ತೀನಿ. ಹೇಳಿದ್ದಕ್ಕೆಲ್ಲಾ ಹೂಂ ಅನ್ನೂ ಹುಡುಗಿನ್ನ ಮೆಚ್ಚಿ ಮೆಚ್ಚಿ ನಾವ ಆಕಿಗೆ ಅಪಾಯ ತರ್ತೀವಿ. "ಬ್ಯಾಡ" ಅನ್ನೂದನ್ನ ಪಾಠದಂಗ ಕಲಸ್ರಿ, ದಿನಾ ಸಣ್ಣ ಸಣ್ಣ ವಿಷಯದಾಗ ಅನ್ನಸ್ರಿ, ಅಂದಾಗ ನಾವು ಕೇಳಬೇಕು.

ಶಾಲಾಸಲಹೆ_ತುಮಕೂರು

ಕೊನೆಯದಾಗಿ ಪ್ರಮಾಣಪತ್ರದ್ದು. ಅಂಕ ಕಡಿಮೆ, ಕ್ಲಿನಿಕ್‌ನಲ್ಲಿ ಆಟಿಸಂ ಎಂದೇ ನಿರ್ಣಯ. ಆಗ?

ಅಂಕಿಸಂಖ್ಯೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ. ಮೀಸಲಾತಿ ಮುಂತಾದವಕ್ಕೆ ಶೇ. 40 ಅಂಗವೈಕಲ್ಯ ಬೇಕು, ಅದನ್ನು ಹೇಳುವುದು ಐಎಸ್‌ಎಎ ಅಂಕದಿಂದ. ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಗುರುತಿನ ಚೀಟಿ) ಶೇ. 40ರ ಕೆಳಗೆ ಬಿಳಿ ಪಟ್ಟಿ, 40ರಿಂದ 80ರೊಳಗೆ ಹಳದಿ, ಅದರ ಮೇಲೆ ನೀಲಿ. ಅರ್ಜಿ ಆನ್‌ಲೈನ್, ಆಮೇಲೆ ಆಸ್ಪತ್ರೆಯ ಮಂಡಳಿ ಎದುರು ಹೋಗಬೇಕು. ಆ ದಿನ ಹೇಗಿದ್ದಳು ಎನ್ನುವುದಕ್ಕೇ ಅಂಕ ಬೀಳದಿರಲಿ. ಎರಡು ವಾರದ ದಿನಚರಿ, ಟೀಚರ್ ಹೇಳಿದ 60 ಗುರುತಿನ ಹಾಳೆ, ಕ್ಲಿನಿಕ್ ವರದಿ ಮೂರನ್ನೂ ಮಂಡಳಿಗೆ ಕೊಡಿ. ಐಎಸ್‌ಎಎ ತುಂಬುವಾಗ ಶೇಕಡಾವಾರು ಹೊತ್ತನ್ನು ಮನೆ, ಶಾಲೆ ಎರಡೂ ಸೇರಿಸಿ ಲೆಕ್ಕ ಹಾಕುವಂತೆ ಕೇಳಿ.

ಮನಃಶಾಸ್ತ್ರ_ಮೈಸೂರು

ವರದಿ ಬರೆಯುವವರಿಗೂ ಒಂದು ಬೇಡಿಕೆ. "ಆಟಿಸಂ ಇಲ್ಲ" ಎಂದು ಬರೆಯುವ ಬದಲು ಏನನ್ನು ಯಾವ ಉಪಕರಣದಿಂದ ನೋಡಿದಿರಿ, ಶಾಲೆಯ ಮಾಹಿತಿ ಸಿಕ್ಕಿತ್ತೇ, ಯಾವ ವಯಸ್ಸಿನ ಚರಿತ್ರೆ ಸಿಗಲಿಲ್ಲ ಎಂದು ಬರೆಯಿರಿ. ಎಂಟನೇ ತರಗತಿಗೆ, ಕಾಲೇಜಿಗೆ ಸೇರಿದಾಗ ಮತ್ತೆ ಕರೆತನ್ನಿ ಎಂದು ದಿನಾಂಕ ಹಾಕಿ. ಬೇಡಿಕೆ ಹೆಚ್ಚಾಗುವುದು ಆಗಲೇ, ಮುಚ್ಚಿಟ್ಟದ್ದು ಹೊರಬರುವುದೂ ಆಗಲೇ.